ವಿಂಡ್‌ಶೀಲ್ಡ್ ಮತ್ತು ಹಿಂದಿನ ಸೀಟು

ನಮ್ಮ ಮನೆಗೆ ಬಂದವರು ಚಹಾ ಕುಡಿದು, ಬಾಲ್ಕನಿಗೆ ಹೋಗಿ ನಿಂತು, ತಪ್ಪದೆ ಕೇಳುವ ಒಂದು ಪ್ರಶ್ನೆ ಇದೆ. "ಶಂಡಿಗಿ ಮ್ಯಾಲ ಮುಚ್ಚೀರಲ್ಲ, ಅದೇನ್ರೀ?" ಅದು ಮೋಟಾರ್‌ಸೈಕಲ್ಲಿನ ವಿಂಡ್‌ಶೀಲ್ಡ್. ಚೇಷ್ಟೆಯಲ್ಲ, ಖರೇನೇ. ಸೀದಾ ಬಿಸಿಲು ಇಳಿಯುತ್ತದೆ, ಬಾಗಿರುವುದರಿಂದ ಶಂಡಿಗೆಗೆ ತಾಗುವುದಿಲ್ಲ, ಪಾರಿವಾಳ ಬಂದು ಕೂತರೆ ಜಾರಿ ಬೀಳುತ್ತದೆ. ಪುಣೆಯ ನಮ್ಮ ಯೆರವಡಾದ ಪಾರಿವಾಳಗಳಿಗೆ ಜಗತ್ತಿನಲ್ಲಿ ಯಾರ ಭಯವೂ ಇಲ್ಲ, ಆದರೆ ಈ ವಿಂಡ್‌ಶೀಲ್ಡಿನ ಮುಂದೆ ಅವೂ ಸೋತಿವೆ. ಇದನ್ನು ಶಂಡಿಗೆಗೆಂದೇ ಮಗ ಹುಡುಕಿ ತಂದ ಅಂತ ಅವ್ವ ಎಲ್ಲರಿಗೂ ಹೇಳುತ್ತಾಳೆ. ನಾನೂ ಸುಮ್ಮನಿರುತ್ತೇನೆ. ಪಕ್ಕದಲ್ಲೇ ಇನ್ನೊಂದು, ಸ್ವಲ್ಪ ಗಿಡ್ಡ, ಕಪ್ಪು ಬಣ್ಣದ್ದು ಇದೆ. ಅದರ ಕೆಳಗೆ ಹೆಚ್ಚಾಗಿ ಮೆಣಸಿನಕಾಯಿ ಒಣಗುತ್ತಿರುತ್ತವೆ.

ಒಂದು ವಿಂಡ್‌ಶೀಲ್ಡ್ ಆರಿಸುವುದರಲ್ಲಿ ಏನು ಮಹಾ ಇದೆ ಅಂತ ನೀವು ಕೇಳಬಹುದು. ಸೀರೆ ಆರಿಸುವುದಕ್ಕಿಂತ ಕಷ್ಟ ಸ್ವಾಮಿ! ಸೀರೆಯನ್ನು ಉಟ್ಟವರು ಮಾತ್ರ ಒಪ್ಪಿದರೆ ಸಾಕು.

ಮೊದಲಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಗಾಳಿಯ ವಿಷಯದಲ್ಲಿ ನನ್ನ ಅನುಭವ ಸಣ್ಣದಲ್ಲ. ಧಾರವಾಡದಿಂದ ಪುಣೆಗೆ ಗುಮಾಸ್ತರಾಗಿ ಬಂದ ನಮ್ಮ ಅಪ್ಪನ ಸ್ಕೂಟರಿಗೆ ವಿಂಡ್‌ಶೀಲ್ಡ್ ಇರಲಿಲ್ಲ, ನಾನಿದ್ದೆ. ಹ್ಯಾಂಡಲ್ ಹಿಡಿದು ಮುಂದೆ ನಿಲ್ಲುವ ಜಾಗ ಗೊತ್ತಲ್ಲ, ಅದೇ ನನ್ನ ಜಾಗ. ಪುಣೆಯ ಚಳಿಗಾಲದ ಬೆಳಗಿನ ಗಾಳಿಯೆಲ್ಲ ಮೊದಲು ನನ್ನ ಮುಖಕ್ಕೆ ಬಂದು, ಉಳಿದದ್ದು ಅಪ್ಪನಿಗೆ ಹೋಗುತ್ತಿತ್ತು. ಕಣ್ಣಲ್ಲಿ ನೀರು, ಮೂಗಿನಲ್ಲಿ ನೀರು, ಬಾಯಿ ತೆರೆದರೆ ಹುಳ. ಶಾಲೆಯ ಬಾಗಿಲಲ್ಲಿ ಇಳಿದಾಗ ನನ್ನ ಮುಖ ನೋಡಿದ ಶಿಕ್ಷಕಿ ಒಬ್ಬರು, ಮನೆಯಲ್ಲಿ ದಿನಾ ಹೊಡೆಯುತ್ತಾರೇನೋ ಎಂದು ಪಾಪ ಬಹಳ ದಿನ ಮರುಗಿದರಂತೆ. ನನಗಾದರೋ ಆ ಜಾಗ ಬಿಟ್ಟು ಹಿಂದಿನ ಸೀಟಿಗೆ ಹೋಗಬೇಕಾದ ದಿನ, ತಮ್ಮ ಹುಟ್ಟಿ ಮುಂದೆ ನಿಲ್ಲುವಷ್ಟಾದ ದಿನ, ಸಿಂಹಾಸನವೇ ಹೋದಷ್ಟು ದುಃಖವಾಗಿತ್ತು.

ಅಪ್ಪನ ಎದೆಗೆ ಅವ್ವನ ಬಂದೋಬಸ್ತು ಬೇರೆ ಇರುತ್ತಿತ್ತು. ಸ್ವೆಟರಿನ ಒಳಗೆ, ಅಂಗಿಯ ಮೇಲೆ, ಒಂದು ಇಡೀ ವೃತ್ತಪತ್ರಿಕೆಯನ್ನು ಮಡಚಿ ತುರುಕುತ್ತಿದ್ದಳು. ಅದು ಮರಾಠಿ ಪತ್ರಿಕೆಯೇ ಆಗಬೇಕು. ಕನ್ನಡದ್ದು ಮರುದಿನ ಬರುತ್ತಿತ್ತು, ಅದನ್ನು ಅಪ್ಪ ಓದದೆ ಎದೆಗೆ ಇಟ್ಟುಕೊಳ್ಳಲು ಒಪ್ಪುತ್ತಿರಲಿಲ್ಲ. ಆಫೀಸು ಮುಟ್ಟಿದ ಮೇಲೆ ಎದೆಯಿಂದ ಪತ್ರಿಕೆ ತೆಗೆದು ಟೇಬಲ್ಲಿನ ಮೇಲಿಟ್ಟರೆ, ಹೆಡ್ ಕ್ಲಾರ್ಕ್ ಸಾಹೇಬರು ಅದನ್ನು ಎತ್ತಿಕೊಂಡು, "ಆಜ್ ಬಾತಮ್ಯಾ ಗರಮ್ ಆಹೇತ್," ಅನ್ನುತ್ತಿದ್ದರಂತೆ. ಸುದ್ದಿ ಬಿಸಿಯಾಗಿದೆ ಅಂತ. ಈ ಮಾತನ್ನು ಅಪ್ಪ ಎಷ್ಟು ಸಲ ಹೇಳಿದರೂ ಪ್ರತಿ ಸಲವೂ ತಾವೇ ಮೊದಲು ನಗುತ್ತಿದ್ದರು.

ಇರಲಿ, ನಾನು ಹೇಳಲು ಹೊರಟಿದ್ದು ನನ್ನ ಹೆಂಡತಿ ಸುಮಂಗಲಾಳ ಬಗ್ಗೆ. ಬೆಳಗಾವಿಯವಳು. ಇಲ್ಲೇ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನಮ್ಮ ಮದುವೆಯಾದಾಗ ಮನೆಗೆ ಇದ್ದದ್ದು ಎರಡು ಕೋಣೆ. ಅಪ್ಪ, ಅವ್ವ, ತಮ್ಮ, ನಾವಿಬ್ಬರು. ಸಾಲದ್ದಕ್ಕೆ ಊರ ಕಡೆಯಿಂದ ಪರೀಕ್ಷೆಗೆ ಒಬ್ಬ, ದವಾಖಾನೆಗೆ ಒಬ್ಬ, ಕನ್ಯಾ ನೋಡಲು ಒಂದು ಇಡೀ ತಂಡ. ಗಂಡ ಹೆಂಡತಿ ಎರಡು ಮಾತು ಆಡಬೇಕೆಂದರೆ ಜಾಗವೆಲ್ಲಿ? ಮೋಟಾರ್‌ಸೈಕಲ್ಲಿನ ಮೇಲೆ! "ಕೊತಂಬರಿ ತರ್ತೀವಿ" ಅಂತ ಹೊರಟರೆ ಆಯಿತು. ನಮ್ಮ ಪ್ರೀತಿ, ಜಗಳ, ಮಗಳ ಹೆಸರು, ಅವಳ ನೌಕರಿ, ಎಲ್ಲ ತೀರ್ಮಾನವಾದದ್ದು ಆ ಸೀಟಿನ ಮೇಲೆಯೇ. ಮುಖ ನೋಡದೆ ಮಾತಾಡುವುದರಲ್ಲಿ ಒಂದು ಸುಖವಿದೆ, ನೋಡಿ. ಎದುರು ಕೂತು ಹೇಳಲಾರದ್ದನ್ನು ಬೆನ್ನಿಗೆ ಹೇಳಬಹುದು.

ಸುತ್ತಲೆಲ್ಲ ಮರಾಠಿ. ಹೀಗಾಗಿ ಸಿಗ್ನಲ್ಲಿನಲ್ಲಿ ನಿಂತಾಗಲೂ ನಮ್ಮ ಜಗಳಕ್ಕೆ ತಡೆ ಇರುತ್ತಿರಲಿಲ್ಲ. ಯಾರಿಗೆ ತಿಳಿಯಬೇಕು ಅಂತ ಧೈರ್ಯ. ಒಮ್ಮೆ ನನ್ನ ಚಿಕ್ಕಪ್ಪನ ಮಗನಿಗೆ ನಾನು ಕೇಳದೆ ಹಣ ಕೊಟ್ಟ ವಿಷಯಕ್ಕೆ ಆಕೆ ನನ್ನನ್ನು ಚೆನ್ನಾಗಿ ಝಾಡಿಸುತ್ತಿದ್ದಳು. ಪಕ್ಕದಲ್ಲಿ ನಿಂತ ಆಟೋದವನು ತಲೆ ಹೊರಗೆ ಹಾಕಿ, "ಅಕ್ಕಾರು ಹೇಳೂದು ಖರೇ ಅದರಿ, ಸರ. ನೀವು ಕೇಳಿ ಕೊಡಬೇಕಿತ್ತು," ಅಂದುಬಿಟ್ಟ! ವಿಜಯಪುರದ ಕಡೆಯವನಂತೆ. ಹಸಿರು ದೀಪ ಬಿದ್ದರೂ ನನಗೆ ಗಾಡಿ ಎತ್ತಲಾಗಲಿಲ್ಲ. ಸುಮಂಗಲಾ ಮಾತ್ರ ನಗುತ್ತ ನಗುತ್ತ ಮನೆಯವರೆಗೂ ನನ್ನ ಬೆನ್ನಿಗೆ ಹಣೆ ಹಚ್ಚಿಕೊಂಡಿದ್ದಳು.

ಕಾಲ ಕಳೆಯಿತು. ಅಪ್ಪ ಇಲ್ಲ. ತಮ್ಮ ನಾಶಿಕಕ್ಕೆ ಹೋದ. ಮಗಳು ಹಾಸ್ಟೆಲ್ಲಿನಲ್ಲಿ. ಮನೆ ದೊಡ್ಡದಾಯಿತು, ಆದರೆ ಅವ್ವನ ಕಿವಿ ಇನ್ನೂ ಬಹಳ ಚುರುಕು. ಹೀಗಾಗಿ ಮಾತಿನ ಜಾಗ ಬದಲಾಗಲಿಲ್ಲ. ಹೋದ ವರ್ಷ ಐವತ್ತರ ಉಮೇದಿನಲ್ಲಿ ದೊಡ್ಡ ಮೋಟಾರ್‌ಸೈಕಲ್ ತಗೊಂಡೆ. ರವಿವಾರ ಬಂತೆಂದರೆ ಶಿರೂರಿನ ಕಡೆಯ ನಗರ ರಸ್ತೆ, ಸಾಸವಡ, ಲೋಣಾವಳಾ! ಗಾಡಿ ಏನೋ ಆನೆಯ ಹಾಗೆ ಹೋಗುತ್ತಿತ್ತು. ಆದರೆ ಊರು ದಾಟಿ ವೇಗ ಹಿಡಿದ ಕೂಡಲೇ ಗಾಳಿ ನಮ್ಮಿಬ್ಬರ ನಡುವೆ ಬಂದು ಕೂಡುತ್ತಿತ್ತು. ಆಕೆ ಕೂಗಿದ್ದು ನನಗೆ ಕೇಳದು, ನಾನು ಕೂಗಿದ್ದು ವಾಘೋಲಿಯ ಹೊಲಗಳಿಗೆ ಹೋಗುತ್ತಿತ್ತು. ಮನೆಗೆ ಬಂದು ಹೆಲ್ಮೆಟ್ ತೆಗೆದರೆ ಆಕೆಗೆ ಹಣೆಶೂಲೆ. ಇಂಟರ್‌ಕಾಮ್ ಹಾಕಿಸೋಣವೆಂದೆ. "ಕಿವ್ಯಾಗ ಯಂತ್ರ ಇಟಗೊಂಡು ಗಂಡನ ಜೋಡಿ ಮಾತಾಡೂದಿದ್ರ, ಮನ್ಯಾಗ ಕೂತು ಫೋನ್ ಮಾಡ್ತೀನಿ ಬಿಡ್ರಿ," ಅಂದಳು.

ಆಮೇಲೆ ಒಂದು ದಿನ ಚಹಾದ ಕಪ್ಪು ಕೈಗೆ ಕೊಡುತ್ತ ತೀರ್ಪನ್ನೂ ಕೊಟ್ಟಳು. ಶಿರೂರಿನಲ್ಲಿ ಆಕೆಯ ತಂಗಿ ಗಿರಿಜಾ ಹೊಸ ಮನೆ ಕಟ್ಟಿಸಿದ್ದಳು, ಬರುವ ರವಿವಾರದ ಮುಂದಿನ ರವಿವಾರ ವಾಸ್ತುಶಾಂತಿ. "ನಾ ಬಸ್ಸಿನ್ಯಾಗ ಹೋಗ್ತೀನ್ರಿ. ನೀವು ನಿಮ್ಮ ಗಾಡಿ ಮ್ಯಾಲ ಬರ್ರಿ. ಇನ್ನ ಮ್ಯಾಲ ಊರ ಹೊರಗ ಅಂದ್ರ ನಾ ಬಸ್ಸೇ."

ಹೇಳಿಯೇಬಿಡುತ್ತೇನೆ, ನನಗೆ ಬಹಳ ಕೆಟ್ಟೆನಿಸಿತು. ಆಕೆ ಒಂದು ಕಿಟಕಿಯಲ್ಲಿ, ನಾನು ಅದೇ ರಸ್ತೆಯಲ್ಲಿ ಒಬ್ಬನೇ. ಹಿಂದಿನ ಸೀಟಿನ ಮೇಲೆ ಮಿಠಾಯಿ ಡಬ್ಬಿ ಕಟ್ಟಿಕೊಂಡು! ಮದುವೆಯಾದಾಗಿನಿಂದ ನಡೆದ ಮಾತು ಬರೀ ಗಾಳಿಗೆ ಹೆದರಿ ನಿಂತುಹೋಗುವುದೆಂದರೆ ಏನು? "ವಿಂಡ್‌ಶೀಲ್ಡ್ ಹಾಕಸ್ತೀನಿ. ಎರಡು ವಾರದಾಗ ಗಾಳೀನ ಗೇಟಿನ ಹೊರಗ ನಿಲ್ಲಸ್ತೀನಿ ನೋಡು," ಅಂದೆ. ಅಂದ ಕೂಡಲೇ ಮೈಯೆಲ್ಲ ಹುರುಪು ಬಂತು.

ವಿಮಾನ ನಗರದ ನನ್ನ ಆಫೀಸಿನಲ್ಲಿ ಮಂಜುನಾಥ ಎಂಬ ಬೆಂಗಳೂರಿನ ಹುಡುಗ ಇದ್ದಾನೆ. ಗಾಡಿಯ ವಿಷಯ ಎತ್ತಿದರೆ ಊಟ ಬಿಡುತ್ತಾನೆ. "ಸರ್, ಇದು ತುಂಬಾ ಸಿಂಪಲ್ ಸರ್. ಪ್ಯೂರ್ ಏರೋಡೈನಾಮಿಕ್ಸ್. ಹೈಟ್ ಜಾಸ್ತಿ ಇದ್ದಷ್ಟೂ ಪ್ರೊಟೆಕ್ಷನ್ ಜಾಸ್ತಿ," ಅಂತ ಕ್ಯಾಂಟೀನಿನ ಟಿಶ್ಯೂ ಕಾಗದದ ಮೇಲೆ ಗಾಡಿ ಬರೆದ, ಸವಾರನನ್ನು ಬರೆದ, ಮುಂದೆ ಎತ್ತರದ ವಿಂಡ್‌ಶೀಲ್ಡ್ ಬರೆದ, ಗಾಳಿಗೆ ಬಾಣದ ಗುರುತು ಹಾಕಿದ. ಬಾಣಗಳೆಲ್ಲ ಸವಾರನ ತಲೆಯ ಮೇಲಿಂದ ಸುಂಯ್ ಎಂದು ಹಾರಿ ಹೋದವು. ನಾನು ಪರವಶನಾಗಿಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗಲೂ ಉಪ್ಪಿನಕಾಯಿ ಭರಣಿಯನ್ನು ಗಾಡಿ ಮಾಡಿ, ಹಪ್ಪಳವನ್ನು ಅದರ ಮುಂದೆ ಓರೆಯಾಗಿ ನಿಲ್ಲಿಸಿ, ಊದಿ ಊದಿ ನೋಡಿದೆ. "ತಮ್ಮಾ, ಹಪ್ಪಳ ತಿನ್ನೂದದ, ಊದೂದಲ್ಲ," ಅಂದಳು ಅವ್ವ.

ಯೆರವಡಾದಲ್ಲೇ ಗಾಡಿಯ ಸಾಮಾನಿನ ಅಂಗಡಿ ಇಟ್ಟ ಬಾಪೂ ಅವರದೂ ಅದೇ ಮಾತು. "ಉಂಚ ಘ್ಯಾ ಸಾಹೇಬ್, ವಾರಾ ಲಾಗಣಾರಚ್ ನಾಹೀ!" ಎತ್ತರದ್ದು ತಗೊಳ್ಳಿ, ಗಾಳಿ ಹತ್ತುವುದೇ ಇಲ್ಲ ಅಂತ. ಅವರ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಎತ್ತರದ್ದನ್ನೇ ಹಾಕಿಸಿಕೊಂಡೆ. ಆಹಾ! ಮರುದಿನ ಆಫೀಸಿಗೆ ಹೋಗುವಾಗ ಏನು ಶಾಂತಿ! ಎದೆಗೆ ಗಾಳಿ ಇಲ್ಲ, ಹೆಲ್ಮೆಟ್ಟಿನಲ್ಲಿ ಗದ್ದಲವಿಲ್ಲ. ನನ್ನ ಗುನುಗು ನನಗೇ ಕೇಳುತ್ತಿತ್ತು, ನಾನು ಇಷ್ಟು ಬೇಸೂರ ಅಂತ ಆವತ್ತೇ ತಿಳಿದದ್ದು.

ರವಿವಾರ ಸುಮಂಗಲಾಳನ್ನು ಕೂಡಿಸಿಕೊಂಡು ನಗರ ರಸ್ತೆಗೆ ಹೊರಟೆ. ವೇಗ ಹೆಚ್ಚಿಸಿದೆ. ನನಗಂತೂ ದೇವರ ಕೋಣೆಯಲ್ಲಿ ಕೂತ ಹಾಗೆ. ವಿಂಡ್‌ಶೀಲ್ಡಿನ ದಪ್ಪವೇನು, ಬಾಗಿದ ರೀತಿಯೇನು, ಅದನ್ನು ಯಾವ ಬಟ್ಟೆಯಿಂದ ಒರೆಸಬೇಕು, ಎಲ್ಲ ವಿವರಿಸುತ್ತ ಹೋದೆ. ಹಿಂದಿನಿಂದ ಒಂದು ಮಾತೂ ಇಲ್ಲ. ಕೇಳಿ ಕೇಳಿ ಮನಸೋತಿದ್ದಾಳೆ ಅಂದುಕೊಂಡೆ. ವಾಘೋಲಿ ದಾಟಿ ಚಹಾದ ಅಂಗಡಿಯಲ್ಲಿ ನಿಲ್ಲಿಸಿ ತಿರುಗಿ ನೋಡಿದರೆ, ಆಕೆ ಹೆಲ್ಮೆಟ್ ತೆಗೆದು ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಿಂತಿದ್ದಳು.

"ಹೆಂಗಿತ್ತು?" ಅಂದೆ.

"ನಿಮಗ ಆರಾಮ ಆತಲ್ಲ, ಸಾಕು ಬಿಡ್ರಿ."

"ಅಂದ್ರ?"

"ಅಂದ್ರೇನು? ಯಾರೋ ನನ್ನ ಹಿಂದ ಕೂತು ತಲೀಗೆ ಧಬಾ ಧಬಾ ಅಂತ ಗುದ್ದಿದಂಗ ಆತು. ಮದಲ ಗಾಳಿ ಸೀದಾ ಬರ್ತಿತ್ತು. ಈಗ ಹೊಳ್ಳಿ ಮಳ್ಳಿ ಬಂದು ಬಡೀತದ."

ನಾನು ನನ್ನ ಕಿಸೆಯಿಂದ ಮಂಜುನಾಥನ ಟಿಶ್ಯೂ ಕಾಗದ ತೆಗೆದು ತೋರಿಸಿದೆ. ಶಾಸ್ತ್ರ ಶಾಸ್ತ್ರವೇ ಅಲ್ಲವೇ? ಆಕೆ ಅದನ್ನು ಚಹಾದ ಟೇಬಲ್ಲಿನ ಮೇಲೆ ಹರಡಿ, ಗಣಿತದ ಮಾಸ್ತರಿಣಿ ಉತ್ತರಪತ್ರಿಕೆ ನೋಡುವ ಹಾಗೆ ನೋಡಿದಳು. ಆಮೇಲೆ ಬೆರಳಿಟ್ಟು ಕೇಳಿದಳು: "ಇದರಾಗ ನಾ ಎಲ್ಲಿದೀನ್ರಿ?"

ನೋಡಿದೆ. ಗಾಡಿ ಇತ್ತು, ಸವಾರನಿದ್ದ, ಬಾಣಗಳಿದ್ದವು. ಹಿಂದಿನ ಸೀಟು ಖಾಲಿ. ಬಾಣಗಳು ಸವಾರನ ತಲೆ ಹಾರಿ ಎಲ್ಲಿ ಇಳಿಯುತ್ತವೆ ಅಂತ ಮಂಜುನಾಥನೂ ಯೋಚಿಸಿರಲಿಲ್ಲ, ಬಾಪೂ ಅವರೂ ಯೋಚಿಸಿರಲಿಲ್ಲ, ನಾನಂತೂ ಹಪ್ಪಳ ಊದುತ್ತಿದ್ದೆ. ಮಂಜುನಾಥ ಬ್ರಹ್ಮಚಾರಿ, ಅವನನ್ನು ಬಿಡಿ. ನನಗೇನಾಗಿತ್ತು?

ಮರುದಿನ ಹೋಗಿ ಅದನ್ನು ಬಿಚ್ಚಿಸಿ ಗಿಡ್ಡನೆಯ, ಕಪ್ಪು ಬಣ್ಣದ, ತುದಿಯಲ್ಲಿ ತುಟಿ ಹೊರಳಿದ ಹಾಗಿದ್ದ ಇನ್ನೊಂದನ್ನು ಹಾಕಿಸಿದೆ. ನೋಡಲು ಏನು ಠೀವಿ! ಅದರಿಂದ ಗಾಳಿ ಸರಿಯಾಗಿ ನನ್ನ ಹುಬ್ಬಿಗೆ ಬಡಿದು, ಅಲ್ಲಿಂದ ಆಕೆಯ ಗದ್ದಕ್ಕೆ ಬಡಿಯುತ್ತಿತ್ತು. ಇಬ್ಬರಿಗೂ ಹಣೆಶೂಲೆ. ಸಂಸಾರದಲ್ಲಿ ಸಮಾನತೆ ಬಂತು, ಅಷ್ಟೇ ಲಾಭ. ಆವತ್ತು ಸಂಜೆಯೇ ಸುಮಂಗಲಾ ಶಿರೂರಿನ ಬಸ್ಸಿನ ವೇಳೆ ಕೇಳಿಕೊಂಡು ಬಂದಳು.

ವಾಸ್ತುಶಾಂತಿಯ ಹಿಂದಿನ ದಿನ ಶನಿವಾರ. ನಾನು ಸೋತ ಮುಖ ಹಾಕಿಕೊಂಡು ಗಾಡಿಯ ಮುಂದೆ ಕೂತಿದ್ದೆ. ಮತ್ತೆ ಆ ಎತ್ತರದ್ದನ್ನೇ ಹಾಕಿ, ಓರೆ ಮಾಡಿ, ಇಣುಕಿ ನೋಡುತ್ತಿದ್ದೆ. ಸುಮಂಗಲಾ ಬಂದು ಕೈ ಚಾಚಿದಳು. "ಕೀಲಿ ಕೊಡ್ರಿ."

"ಯಾಕ?"

"ನಾ ಹೊಡೀತೀನಿ. ನೀವು ಹಿಂದ ಕೂಡ್ರಿ."

ಬೆಳಗಾವಿಯಲ್ಲಿ ಅಣ್ಣನ ಮೋಟಾರ್‌ಸೈಕಲ್ ಕದ್ದು ಓಡಿಸಿ ಕಲಿತವಳು ಆಕೆ. ಲೈಸೆನ್ಸೂ ಇದೆ. ಆದರೆ ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಆಕೆಯ ಹಿಂದೆ ಕೂತಿರಲಿಲ್ಲ. ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಆಳಂದಿಯ ರಸ್ತೆ ಖಾಲಿ ಸಿಕ್ಕಿತು. ಆಕೆ ಗೇರ್ ಏರಿಸಿದಳು. ಅಬ್ಬಬ್ಬಾ! ಮೊದಲು ತಲೆ ಬಲಕ್ಕೆ ಹೋಯಿತು, ಆಮೇಲೆ ಎಡಕ್ಕೆ. ಗುದ್ದಿನ ಮೇಲೆ ಗುದ್ದು. ಹಲ್ಲು ಕಟಕಟ ಎಂದವು. ಹಿಂದಿನಿಂದ ಯಾರೋ ಬೆನ್ನು ನೂಕುತ್ತಿದ್ದಾರೆ ಅನಿಸಿತು. "ನಿಂದ್ರಸು! ನಿಂದ್ರಸು!" ಎಂದು ಕೂಗಿದೆ. ಮುಂದಿನಿಂದ ಪ್ರಸನ್ನವಾದ ದನಿ ಬಂತು: "ಅಯ್ಯ, ಏನ್ ಆರಾಮ ಅದರೀ ಇಲ್ಲೆ! ಇಷ್ಟ ಸುಖದಾಗ ಇದ್ರ್ಯಾ ನೀವು?"

ಇಳಿದಾಗ ನನ್ನ ಮುಖ ನೋಡಿ ಆಕೆ ನಕ್ಕ ನಗು! ನನಗೂ ನಗು ಬಂತು. ಆದರೆ ಅದಕ್ಕಿಂತ ದೊಡ್ಡ ಹುರುಪು ಬಂತು. ಉತ್ತರ ಸಿಕ್ಕಿತ್ತು! ವಿಂಡ್‌ಶೀಲ್ಡನ್ನು ಹಿಂದೆ ಕೂತು ಆರಿಸಬೇಕು! ಸೀದಾ ಬಾಪೂ ಅವರ ಅಂಗಡಿಗೆ ಹೋದೆವು. ಮೇಲೆ ಕೆಳಗೆ ಸರಿಸಲು ಬರುವಂಥ, ಬೋಲ್ಟಿಗೆ ಉದ್ದನೆಯ ಸೀಳು ಇರುವಂಥ, ಮಧ್ಯಮ ಎತ್ತರದ್ದೊಂದು ಇತ್ತು. ಅದನ್ನು ಹಾಕಿಸಿ, ಬೋಲ್ಟು ಸಡಿಲಿಸುವ ಪಾನಾ ಕಿಸೆಯಲ್ಲಿ ಇಟ್ಟುಕೊಂಡು ಹೊರಟೆವು. ಒಂದು ಸುತ್ತು ನಾನು ಮುಂದೆ, ಆಕೆ ಹಿಂದೆ. ಇನ್ನೊಂದು ಸುತ್ತು ಆಕೆ ಮುಂದೆ, ನಾನು ಹಿಂದೆ. ಪ್ರತಿ ಸುತ್ತಿಗೂ ನಿಲ್ಲಿಸಿ ಅದನ್ನು ಒಂದು ಬೆರಳಷ್ಟು ಇಳಿಸುವುದು, ಎಲ್ಲಿತ್ತೆಂದು ಮರೆಯದ ಹಾಗೆ ಆಕೆ ತನ್ನ ಪರ್ಸಿನಿಂದ ಹಣೆಗೆ ಹಚ್ಚುವ ಒಂದು ಟಿಕಳಿ ತೆಗೆದು ಅಂಚಿಗೆ ಹಚ್ಚುವುದು. ಹಸಿರು ಟಿಕಳಿ, ಕೆಂಪು ಟಿಕಳಿ, ಹರಳಿನ ಟಿಕಳಿ. ಬಾಪೂ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ನಾವು ಹೋಗಿ ಬಂದು ಸೀಟು ಬದಲಿಸುವುದನ್ನು ನೋಡಿ, "ವಹಿನೀ, ಲಗ್ನ ಠರವತಾಯ್ ಕಾ?" ಅಂದರು. ಅತ್ತಿಗೆ, ವಿಂಡ್‌ಶೀಲ್ಡ್ ಕೊಳ್ಳುತ್ತೀರೋ ಮದುವೆ ಗೊತ್ತುಮಾಡುತ್ತೀರೋ ಅಂತ!

ಇಳಿಸುತ್ತ ಇಳಿಸುತ್ತ ಅಂಚು ನನ್ನ ಮೂಗಿನ ನೇರಕ್ಕೆ ಬಂದಾಗ ಏನೋ ಆಯಿತು. ನನ್ನ ಹೆಲ್ಮೆಟ್ಟಿನ ನೆತ್ತಿಗೆ ಸ್ವಲ್ಪ ಗಾಳಿ ತಾಗತೊಡಗಿತು, ಆದರೆ ಸಮನಾದ ಗಾಳಿ, ಗುದ್ದಲ್ಲ. ಹಿಂದಿನಿಂದ ಆಕೆ, "ಕಡಿಮಿ ಆತು! ಭಾಳ ಕಡಿಮಿ ಆತು!" ಎಂದು ನನ್ನ ಭುಜ ಬಡಿದಳು. ನಿಲ್ಲಿಸಿ ಇಬ್ಬರೂ ಬಗ್ಗಿ ನೋಡಿದೆವು. ಕೆಳಗೆ ಹೆಡ್‌ಲೈಟಿನ ಹತ್ತಿರ ರಬ್ಬರಿನ ಪಟ್ಟಿ ಹಾಕಿ ಸಂದು ಮುಚ್ಚಿದ್ದರು. "ಅದನ್ನ ತಗೀರಿ. ಕುಕ್ಕರಿಗೆ ಸೀಟಿ ಇರತದಲ್ಲ, ಹಂಗ ಗಾಳಿಗೂ ಹೋಗಾಕ ಹಾದಿ ಬೇಕು," ಅಂದಳು. ತೆಗೆದೆವು. ಕೆಳಗಿನಿಂದ ಸ್ವಲ್ಪ ಗಾಳಿ ನುಸುಳಿ ನನ್ನ ಹೊಟ್ಟೆಗೆ ತಂಪಾಗಿ ತಾಗಿತು. ಈ ಸಲ ಹಿಂದೆ ಕೂತಾಗ ನನ್ನ ತಲೆ ನನ್ನ ಹೆಗಲ ಮೇಲೆಯೇ ನೆಟ್ಟಗೆ ನಿಂತಿತ್ತು. ಖುಷಿಗೆ ಇಬ್ಬರೂ ನಡುರಸ್ತೆಯಲ್ಲಿ ಮಕ್ಕಳ ಹಾಗೆ ಕೈ ಕೈ ತಟ್ಟಿಕೊಂಡೆವು.

ಆದರೂ ಗಣಿತದವಳು, ಒಂದೇ ಸಲಕ್ಕೆ ಒಪ್ಪುವವಳಲ್ಲ. "ನಾಳೆ ವಾಘೋಲಿ ತನಕ ನೋಡ್ತೀನಿ. ತಲಿ ಬಡೀತಂದ್ರ ಅಲ್ಲೇ ಇಳದು ಬಸ್ ಹತ್ತತೀನಿ. ಆಮ್ಯಾಲ ಮತ್ತ ವಿಂಡ್‌ಶೀಲ್ಡಿನ ಮಾತು ಎತ್ತಬಾರದು."

ರವಿವಾರ ಬೆಳಿಗ್ಗೆ ಆಕೆ ರೇಷ್ಮೆ ಸೀರೆ ಉಟ್ಟು, ಮೇಲೆ ಜಾಕೀಟು ಹಾಕಿ ಕೂತಳು. ಖರಾಡಿ ದಾಟಿತು. ಹಿಂದಿನಿಂದ ಮಾತಿಲ್ಲ. ಕನ್ನಡಿಯಲ್ಲಿ ನೋಡಿದರೆ ಹೆಲ್ಮೆಟ್ ಮಾತ್ರ ಕಾಣುತ್ತಿತ್ತು. ವಾಘೋಲಿ ಬಂತು, ಬಸ್ಸಿನ ನಿಲುಗಡೆ ಬಂತು. ಇನ್ನು ಮುಗಿಯಿತು ಅಂದುಕೊಂಡು ವೇಗ ಇಳಿಸಿ ಎಡಕ್ಕೆ ತಗೊಂಡೆ.

"ಯಾಕ ನಿಂದ್ರಸ್ತೀರಿ? ನಡೀರಿ," ಅಂದಳು.

ಕೂಗಲಿಲ್ಲ, ಸುಮ್ಮನೆ ಅಂದಳು, ಅಷ್ಟೇ. ನಾನು ಮತ್ತೆ ವೇಗ ಹಿಡಿದೆ, ಗಾಳಿ ಎರಡೂ ಬದಿಗೆ ಸರಿದು ಹೋಯಿತು. ಕೋರೆಗಾಂವದ ಸೇತುವೆಯ ಹತ್ತಿರ ಆಕೆ ಹೆಲ್ಮೆಟ್ಟಿನ ಗಾಜು ಎತ್ತಿ, ನನ್ನ ಭುಜದ ಮೇಲೆ ಗದ್ದ ಇಟ್ಟು, ಮಾತು ಶುರು ಮಾಡಿದಳು. ಮೊದಲು ಅವ್ವನ ಮೊಣಕಾಲು, ಮಗಳ ಹಾಸ್ಟೆಲ್ಲಿನ ಊಟ, ಗಿರಿಜಾಗೆ ತಂದ ಸೀರೆಯ ಅಂಚು. ಎಲ್ಲ ಕೇಳಿತು! ಒಂದೊಂದು ಶಬ್ದವೂ! ನನ್ನ ಕಣ್ಣು ತೇವವಾದವು. ಈ ಸಲ ಗಾಳಿಗಲ್ಲ.

ರಾಂಜಣಗಾಂವ ದಾಟಿದ ಮೇಲೆ ಆಕೆಯ ದನಿ ಬದಲಾಯಿತು. "ಒಂದು ಮಾತು ಹೇಳೂದಿತ್ರಿ. ಬ್ಯಾಸಗೀಂದ ಹೇಳಬೇಕು ಹೇಳಬೇಕು ಅಂತ ಮಾಡೇನಿ."

"ಹೇಳು."

"ಸಾಲ್ಯಾಗ ನನ್ನ ಹೆಡ್‌ಮಿಸ್ಟ್ರೆಸ್ ಆಗು ಅಂತಾರ. ನಾಳೆ ಉತ್ತರ ಕೊಡಬೇಕು."

ಗಾಡಿ ಸ್ವಲ್ಪ ಅಲುಗಾಡಿತು. "ಬ್ಯಾಸಗೀಂದ? ಮನ್ಯಾಗ ಯಾಕ ಹೇಳಲಿಲ್ಲ?"

"ಮನ್ಯಾಗ ಹೆಂಗ ಹೇಳಲಿ? ಅತ್ತಿಯವರ ಕಿವೀಗೆ ಬಿತ್ತಂದ್ರ ಸಂಜಿ ಆಗೂದ್ರಾಗ ಓಣೀಗೆಲ್ಲ ಪೇಢಾ ಹಂಚತಾರ. ಆಮ್ಯಾಲ ನನಗ ಬ್ಯಾಡ ಅನ್ನಾಕ ಬರಂಗಿಲ್ಲ. ನನಗ ಇನ್ನೂ ತಿಳೀವಲ್ದು. ನಿಮಗ ಹೇಳೋಣಂದ್ರ ಈ ಗಾಳಿ!"

ನನಗೆ ಒಂದೇ ಸಲ ಹೆಮ್ಮೆಯೂ ಬಂತು, ನಾಚಿಕೆಯೂ ಆಯಿತು. ಆಕೆ ಇಷ್ಟು ದೊಡ್ಡ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ತಿಂಗಳುಗಟ್ಟಲೆ ನನ್ನ ಹಿಂದೆ ಕೂತಿದ್ದಳು. ಆಕೆ ಹೇಳುತ್ತ ಹೋದಳು. ಆ ಖುರ್ಚಿಯ ಮೇಲೆ ಕೂತರೆ ಐದನೇ ಇಯತ್ತೆಯ ಮಕ್ಕಳಿಗೆ ಭಾಗಾಕಾರ ಕಲಿಸುವುದು ತಪ್ಪುತ್ತದೆ. ಜೊತೆಯವರೇ ನಾಳೆ ಎದುರು ಮಾತಾಡಿಯಾರು. ಆದರೆ ಮನಸ್ಸಿನ ಒಂದು ಮೂಲೆಯಲ್ಲಿ ಆಸೆಯೂ ಇದೆ. ಹೀಗೆ ಹೇಳುತ್ತ ಆಕೆ, ಕೇಳುತ್ತ ನಾನು. ಆಸೆ ಇದ್ದರೆ ಅಂಜಿಕೆ ಯಾಕ ಅಂದೆ. ಅಂಜಿಕೆ ಯಾಕ ಅಂತ ಹೇಳ್ತೀನಿ ಕೇಳ್ರಿ ಅಂದಳು. ಅಷ್ಟರಲ್ಲಿ ಶಿರೂರು ಬಂದೇಬಿಟ್ಟಿತು!

ಎಡಕ್ಕೆ ತಿರುಗಿದರೆ ಗಿರಿಜಾಳ ಹೊಸ ಮನೆ. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ಪೆಂಡಾಲು, ಒಳಗಿನಿಂದ ಮಂತ್ರದ ಸದ್ದು. ಗೇಟಿನಲ್ಲಿ ಗಿರಿಜಾ ಹೊಸ ಸೀರೆಯಲ್ಲಿ ನಿಂತು, "ಅಕ್ಕಾ! ಬಂದ್ರ್ಯಾ!" ಎಂದು ಎರಡೂ ಕೈ ಎತ್ತಿ ಕರೆಯುತ್ತಿದ್ದಳು. ನಾನು ಬ್ರೇಕ್ ಒತ್ತಿದೆ.

ನನ್ನ ಭುಜದ ಮೇಲಿನ ಕೈ ಬಿಗಿಯಾಯಿತು. "ಮುಂದ ನಡೀರಿ."

"ಅಲ್ಲ, ಗಿರಿಜಾ ನಿಂತಾಳ ಅಲ್ಲೆ!"

"ನಿಂದ್ರಲಿ. ನನ್ನ ಮಾತು ಮುಗುದಿಲ್ಲ."

ಬಾಯಿ ತೆರೆದು ನಿಂತ ನಾದಿನಿಗೆ ಒಂದು ಕೈ ಬೀಸಿ, ನಾನು ಗಾಡಿಯನ್ನು ಅವಳ ಗೇಟಿನ ಮುಂದಿನಿಂದಲೇ ಮತ್ತೆ ದೊಡ್ಡ ರಸ್ತೆಗೆ ಬಿಟ್ಟೆ.